ನಿಲ್ಲಿಸುವುದನ್ನೂ ಕಲಿಯಬೇಕು

ಎಂಬಿಬಿಎಸ್‌ಗೆ ಸೇರಿದ ವಿದ್ಯಾರ್ಥಿ ಮೊದಲ ವರ್ಷವೇ ಶವದ ಮುಂದೆ ನಿಲ್ಲುತ್ತಾನೆ. ಮೂಳೆ, ನರ, ರಕ್ತನಾಳಗಳ ಹೆಸರನ್ನು ಅಲ್ಲೇ ಕಲಿಯುತ್ತಾನೆ. ಆದರೆ ಸಾಯುತ್ತಿರುವ ಮನುಷ್ಯನೊಡನೆ, ಅವನ ಮನೆಯವರೊಡನೆ ಹೇಗೆ ಮಾತನಾಡಬೇಕೆಂಬುದು ನಮ್ಮಲ್ಲಿ ಬಹುಕಾಲ ಪಾಠವೇ ಆಗಿರಲಿಲ್ಲ.

ಅವನು ಕಲಿಯುವುದು ಬೇರೆ. ಉಸಿರು ನಿಂತರೆ ಗಂಟಲಿಗೆ ನಳಿಕೆ ಇಳಿಸು, ಹೃದಯ ನಿಂತರೆ ಎದೆ ಒತ್ತು, ರಕ್ತದೊತ್ತಡ ಕುಸಿದರೆ ಔಷಧ ಏರಿಸು. 'ಮುಂದೇನು ಮಾಡುತ್ತೀರಿ?' ಎಂದು ಪರೀಕ್ಷಕರು ಕೇಳುತ್ತಾರೆ, 'ಯಾವಾಗ ನಿಲ್ಲಿಸುತ್ತೀರಿ?' ಎಂದು ಕೇಳುವವರು ಕಡಿಮೆ. ಅಪಘಾತಕ್ಕೆ ಸಿಕ್ಕ ತರುಣನಿಗೆ ಈ ತರಬೇತಿಯೇ ಪ್ರಾಣದಾನ. ಆದರೆ ಮೈಯೆಲ್ಲ ಕ್ಯಾನ್ಸರ್ ಹರಡಿದ ಅಜ್ಜಿಯ ಮುಂದೆಯೂ ಪಳಗಿದ ಕೈ ಅದೇ ಕೆಲಸಕ್ಕೆ ಮುಂದಾಗುತ್ತದೆ. ಮನೆಯವರು 'ಏನಾದರೂ ಮಾಡಿ ಡಾಕ್ಟ್ರೇ' ಎನ್ನುತ್ತಾರೆ. ಆ 'ಏನಾದರೂ' ಎಂದರೆ ವೆಂಟಿಲೇಟರ್, ಐಸಿಯು, ಕಟ್ಟಿದ ಕೈಗಳು, ಮಕ್ಕಳ ಮುಖ ಕಾಣದ ಕೊನೆಯ ದಿನಗಳು ಆಗಬಹುದೆಂದು ಬಿಡಿಸಿ ಹೇಳುವ ಅಭ್ಯಾಸ ವೈದ್ಯರಿಗೂ ಇರುವುದಿಲ್ಲ.

ಕಲಿಕೆ ಬೇರೆಯಾದರೆ ಚಿಕಿತ್ಸೆಯೂ ಬೇರೆಯಾಗುತ್ತದೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ವೈದ್ಯೆಯಾಗುವ ಮೊದಲು ನರ್ಸ್ ಆಗಿದ್ದರು, ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆಯಾಗಿದ್ದರು. ರೋಗಿಯ ಹಾಸಿಗೆಯ ಪಕ್ಕ ಕುಳಿತು ಕಲಿತವರು. ನೋವು ಉಲ್ಬಣಿಸುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಔಷಧ ಕೊಡಬೇಕೆಂದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಗುಣವಾಗದ ರೋಗಿಗೂ ಮಾಡಬೇಕಾದ್ದು ಬಹಳಷ್ಟಿದೆ ಎಂದು ಅದು ತೋರಿಸಿತು. ಬೆಂಗಳೂರಿನ ಕರುಣಾಶ್ರಯ ನಡೆದಿರುವುದೂ ಇದೇ ಹಾದಿಯಲ್ಲಿ.

ನಮ್ಮ ಪಠ್ಯಕ್ರಮವೂ ಈಗ ಬದಲಾಗಿದೆ. 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ಮನೋಭಾವ, ನೀತಿ, ಸಂವಹನ ಕಡ್ಡಾಯ ಪಾಠಗಳಾದವು. ಸಾವನ್ನು ಕುರಿತ ಪಾಠವೂ ಅವುಗಳಲ್ಲಿದೆ. ಘನತೆಯಿಂದ ಸಾಯುವುದೂ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಕೊನೆಗಾಲದ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಕ್ರಮವನ್ನು 2023ರಲ್ಲಿ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಆದರೆ ಇಂದು ಐಸಿಯುಗಳಲ್ಲಿರುವ ಹಿರಿಯ ವೈದ್ಯರು ಹಳೆಯ ಪಾಠ ಓದಿದವರು. ಅವರ ಜೊತೆ ಕೆಲಸ ಮಾಡುತ್ತಲೇ ಕಿರಿಯರೂ ಕಲಿಯಬೇಕು. ಆದ್ದರಿಂದ ಪೋಷಕರೇ, ಹಿರಿಯರ ಮನಸ್ಸಿನಲ್ಲೇನಿದೆ ಎಂದು ಅವರು ಗಟ್ಟಿಯಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ 'ಈ ಚಿಕಿತ್ಸೆಯಿಂದ ಅವರು ಎದ್ದು ಮನೆಗೆ ಬರುತ್ತಾರೆಯೇ?' ಎಂದು ನೇರವಾಗಿ ಕೇಳಿ. ನೀಟ್‌ಗೆ ಓದುತ್ತಿರುವ ವಿದ್ಯಾರ್ಥಿಗಳೇ, ಮುಂದೊಂದು ದಿನ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು.