ಎರಡನೇ ನಂಬರಿನ ಹಕ್ಕು

ಮಿರಜಿನಿಂದ ಮ್ಹೈಸಾಳದ ಹಾದಿ ಹಿಡಿದರೆ ಅರ್ಧ ತಾಸಿನಲ್ಲಿ ಕಾಗವಾಡ ಮುಟ್ಟಬಹುದು. ಅಲ್ಲಿಂದ ಮುಂದೆ ಕರ್ನಾಟಕ. ಅಥಣಿ, ರಾಯಬಾಗ ಸೀಮೆಯ ಅರಿಷಿಣ ಸಾಂಗ್ಲಿ ಪೇಟೆಗೆ ಬರುತ್ತದೆ, ಅದೇ ಸೀಮೆಯ ರೋಗಿಗಳು ಮಿರಜಿನ ದವಾಖಾನೆಗಳಿಗೆ ಬರುತ್ತಾರೆ. ಹೆಣ್ಣು ಕೊಡುವುದು, ತರುವುದು ಎರಡೂ ಕಡೆಯಿಂದ ನಡೆದೇ ಇದೆ. ಅಣ್ಣತಮ್ಮಂದಿರಲ್ಲಿ ಒಬ್ಬನ ಹೊಲಕ್ಕೆ ಕರ್ನಾಟಕದ ಪಹಣಿ, ಇನ್ನೊಬ್ಬನ ಹೊಲಕ್ಕೆ ಮಹಾರಾಷ್ಟ್ರದ ಸಾತ್‌ಬಾರಾ ಉತಾರ ಇರುವುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಇಂಥ ಕಡೆ ಒಂದೇ ಫೋನಿನಲ್ಲಿ ಕರ್ನಾಟಕದ್ದೊಂದು, ಮಹಾರಾಷ್ಟ್ರದ್ದೊಂದು ಸಿಮ್ ಇರುವುದು ಸಹಜವೇ. ಆದರೂ ಒಬ್ಬನಿಗೆ ಎರಡು ನಂಬರು ಯಾಕೆ ಬೇಕು ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಕೇಳುವವರ ದನಿಯಲ್ಲಿ ಕೆಲವೊಮ್ಮೆ ಸಂಶಯ ಇರುತ್ತದೆ, ಕೆಲವೊಮ್ಮೆ ಇದು ಬರೀ ಶೋಕಿ ಎಂಬ ಭಾವ. ನನ್ನ ಮಟ್ಟಿಗೆ ಎರಡನೇ ನಂಬರು ಗಡಿಯಲ್ಲಿ ಬದುಕುವವನ ಎರಡನೇ ವಿಳಾಸ. ಅದನ್ನು ಜೀವಂತ ಇಟ್ಟುಕೊಳ್ಳಲು ತಗಲುವ ಖರ್ಚು ಬಡವನ ಕೈಗೂ ಎಟುಕುವಷ್ಟಿರಬೇಕು.

ಹಿಂದೆ ಎರಡು ಸಿಮ್ ಇಟ್ಟುಕೊಳ್ಳಲು ಇದ್ದ ಕಾರಣವೇ ಬೇರೆ. ದೂರಸಂಪರ್ಕದ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ಮಹಾರಾಷ್ಟ್ರ–ಗೋವಾ ಇನ್ನೊಂದು. ಹೊಲದ ಈ ಬದುವಿನಿಂದ ಆ ಬದುವಿಗೆ ಹೋದರೆ ಟವರ್ ಬದಲಾಗಿ ರೋಮಿಂಗ್ ಶುರುವಾಗುತ್ತಿತ್ತು; ಫೋನ್ ಎತ್ತಿದ್ದಕ್ಕೂ ದುಡ್ಡು ಹೋಗುತ್ತಿತ್ತು. 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹಾಕಿದ ಮಿತಿಯೇ ಒಳಬರುವ ಕರೆಗೆ ನಿಮಿಷಕ್ಕೆ 75 ಪೈಸೆ, 2015ರಲ್ಲಿ ಅದು 45 ಪೈಸೆಗೆ ಇಳಿಯಿತು. 2015ರ ಜುಲೈ 3ರಿಂದ ಅದೇ ನಂಬರನ್ನು ಬೇರೆ ರಾಜ್ಯಕ್ಕೂ ಒಯ್ಯುವ ಅನುಕೂಲವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ರೋಮಿಂಗ್ ದರ ಬಹುಮಟ್ಟಿಗೆ ಇಲ್ಲವಾಯಿತು. ಲೆಕ್ಕದ ಪ್ರಕಾರ ಎರಡನೇ ಸಿಮ್ ಆಗಲೇ ಮೂಲೆಗೆ ಬೀಳಬೇಕಿತ್ತು. ಬೀಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಂಬರಿನ ಕೆಲಸವೇ ಬೇರೆಯಾಗಿತ್ತು. ಬ್ಯಾಂಕಿನ ಒಟಿಪಿ, ಯುಪಿಐ, ಆಧಾರ್, ಗ್ಯಾಸ್ ಬುಕಿಂಗ್, ಹೊಲದ ದಾಖಲೆ ಎಲ್ಲವೂ ಯಾವುದೋ ಒಂದು ನಂಬರಿಗೆ ಗಂಟುಬಿದ್ದಿದ್ದವು. ಸಾಂಗ್ಲಿಯ ಅಡತ್ ಅಂಗಡಿಯಲ್ಲಿ ಮಾಲು ಹಾಕಿದ ರೈತನನ್ನೇ ನೋಡಿ. ಸವಾಲಿನಲ್ಲಿ ಎಷ್ಟು ದರ ಬಿತ್ತು ಎಂದು ತಿಳಿಸುವ ಮರಾಠಿ ಕರೆ ಒಂದು ಸಿಮ್ಮಿಗೆ. ಆ ದುಡ್ಡು ಅಥಣಿಯ ಬ್ಯಾಂಕಿನಲ್ಲಿ ಜಮಾ ಆಯಿತೆಂಬ ಮೆಸೇಜು ಇನ್ನೊಂದಕ್ಕೆ. ಪರದೆಯ ಮೇಲೆ ಸಿಮ್ 1 ಎಂದು ಕಂಡರೆ ‘ಬೋಲಾ’, ಸಿಮ್ 2 ಎಂದು ಕಂಡರೆ ‘ಹೇಳ್ರಿ’ ಎನ್ನುವುದು ಅವನಿಗೆ ರೂಢಿಯಾಗಿಬಿಟ್ಟಿದೆ.

ಎರಡನ್ನೂ ಒಂದು ಮಾಡಿಕೊಳ್ಳಬಾರದೇಕೆ ಎಂದು ಕೇಳಬಹುದು. ಪೇಟೆಯಲ್ಲಿ ನೌಕರಿ ಮಾಡಿಕೊಂಡು ನಾಕು ಆ್ಯಪುಗಳಲ್ಲಿ ಜೀವನ ನಡೆಸುವವನಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಗಡಿಯಲ್ಲಿ ಹಾಗಿಲ್ಲ. ನಂಬರ್ ಬದಲಿಸಲು ಬ್ಯಾಂಕಿಗೆ ಹೋಗಬೇಕು, ಆಧಾರ್ ಕೇಂದ್ರದಲ್ಲಿ ಸರದಿ ನಿಲ್ಲಬೇಕು, ಒಂದೊಂದಕ್ಕೂ ಒಂದೊಂದು ದಿನದ ಕೂಲಿ ಕಳೆಯಬೇಕು. ಇಷ್ಟೆಲ್ಲ ಮಾಡಿದರೂ ಹದಿನೈದು ವರ್ಷಗಳಿಂದ ಹಳೆಯ ನಂಬರನ್ನೇ ಡೈರಿಯಲ್ಲಿ ಬರೆದಿಟ್ಟುಕೊಂಡ ಸೋದರತ್ತೆಗೆ ಹೊಸದು ಮುಟ್ಟುವುದಿಲ್ಲ. ಬ್ಯಾಂಕಿನ ನಂಬರನ್ನು ಪೇಟೆಯಲ್ಲೆಲ್ಲ ಹಂಚದೆ ಬೇರೆ ಇಡುವುದು ಒಳ್ಳೆಯ ಎಚ್ಚರಿಕೆಯೂ ಹೌದು.

ಎರಡೆರಡು ನಂಬರು ಇದ್ದರೆ ಮೋಸಗಾರರಿಗೆ ದಾರಿಯಾಗುತ್ತದೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಸೈಬರ್ ವಂಚನೆಗೆ ಮನೆ ಕಳೆದುಕೊಂಡವರಿದ್ದಾರೆ. ಆದರೆ ಅಂಥ ಮೋಸಕ್ಕೆ ಬಳಕೆಯಾಗುವುದು ಹೆಚ್ಚಾಗಿ ಇನ್ನೊಬ್ಬರ ಹೆಸರಿನಲ್ಲಿ ತೆಗೆಸಿದ ಸಿಮ್. ನಮ್ಮ ದೇಶದ ಬಹುತೇಕ ಕಡೆ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್ ಇರಬಹುದು. ತಮ್ಮ ಹೆಸರಿನಲ್ಲಿ ಎಷ್ಟಿವೆ ಎಂದು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸ್ವಂತ ಹೆಸರಿನಲ್ಲಿ, ಸ್ವಂತ ಬೆರಳಚ್ಚು ಕೊಟ್ಟು ಎರಡು ಸಿಮ್ ತೆಗೆದುಕೊಂಡವನು ಅಡಗಿಕೊಂಡವನಲ್ಲ. ಅವನ ನಂಬರು ಬಂದ್ ಆದಾಗಲೇ ನಿಜವಾದ ಅಪಾಯ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಲಾಗುತ್ತದೆಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಬ್ಯಾಂಕಿನ ಪುಸ್ತಕದಲ್ಲಿ ಆ ನಂಬರು ಹಾಗೇ ಉಳಿದಿದ್ದರೆ ಹಣದ ಸುದ್ದಿ ಗುರುತಿಲ್ಲದವನ ಕೈಗೆ ಹೋಗುತ್ತದೆ.

ಇಂಥ ನಂಬರು ಬಂದ್ ಆಗುವುದು ಹೆಚ್ಚಾಗಿ ರಿಚಾರ್ಜಿನ ಭಾರಕ್ಕೆ. 90 ದಿನ ಬಳಸದಿದ್ದರೂ ಪ್ರೀಪೇಡ್ ನಂಬರನ್ನು ಕಡಿಯಬಾರದು, ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ಉಳಿಸಬೇಕು ಎಂದು ಟ್ರಾಯ್ 2013ರಲ್ಲೇ ನಿಯಮ ಮಾಡಿದೆ. ಕೇಳಲು ಚೆಂದ. ಆದರೆ 2018ರ ಕೊನೆಯಿಂದ ಖಾಸಗಿ ಕಂಪನಿಗಳು ಕನಿಷ್ಠ ರಿಚಾರ್ಜ್ ಕಡ್ಡಾಯ ಮಾಡಿದ ಮೇಲೆ, ವ್ಯಾಲಿಡಿಟಿ ಮುಗಿದರೆ ಒಳಬರುವ ಕರೆಯೂ ನಿಲ್ಲುವಂತಾಯಿತು. ಕಾಗದದ ಮೇಲೆ ನಂಬರು ನಮ್ಮದು, ಅದಕ್ಕೆ ಫೋನ್ ಹಚ್ಚಿದವರಿಗೆ ನಾವು ಸಿಗುವುದಿಲ್ಲ. ಡೇಟಾ ಬೇಡದವರಿಗೆ ಬೇರೆ ಯೋಜನೆ ಕೊಡಿ ಎಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ ತಂದ ವರ್ಷದ ಯೋಜನೆಗೆ 1849 ರೂಪಾಯಿ. ತಿಂಗಳಿಗೆ ಸುಮಾರು 154 ಆಯಿತು. ದಿನವಿಡೀ ಮಾತಾಡುವವನಿಗೆ ಇದು ಹೆಚ್ಚಲ್ಲ. ತಿಂಗಳಲ್ಲಿ ನಾಕು ಒಟಿಪಿ, ತವರಿನಿಂದ ಎರಡು ಕರೆ ಬರುವ ಸಿಮ್ಮಿಗೆ ಮಾತ್ರ ಇದು ಅನ್ಯಾಯದ ದರ. ಮಿರಜಿಗೆ ಮದುವೆಯಾಗಿ ಬಂದ ಹೆಣ್ಣುಮಗಳು ತಿಂಗಳಿಗೊಮ್ಮೆ ಲೆಕ್ಕ ಹಾಕುವಾಗ ಮೊದಲು ಬಿಡುವುದು ತವರಿನ ಕಡೆಯ ನಂಬರನ್ನೇ.

ಕಂಪನಿಗಳ ಕಡೆಯ ವಾದವೂ ಪೊಳ್ಳಲ್ಲ. ಮೊದಲು ಒಳಬರುವ ಪ್ರತಿ ಕರೆಗೆ, ಕರೆ ಮಾಡಿದವನ ಕಂಪನಿಯಿಂದ ಕರೆ ಸ್ವೀಕರಿಸಿದವನ ಕಂಪನಿಗೆ ದುಡ್ಡು ಬರುತ್ತಿತ್ತು. ನಿಮಿಷಕ್ಕೆ 6 ಪೈಸೆ ಇದ್ದ ಆ ಸಂದಾಯ 2021ರ ಜನವರಿ 1ರಿಂದ ನಿಂತಿತು. ಕರೆ ಸ್ವೀಕರಿಸುವುದಷ್ಟೇ ಮಾಡುವ ಗಿರಾಕಿಯಿಂದ ಈಗ ಕಂಪನಿಗೆ ಬಿಡಿಗಾಸೂ ಇಲ್ಲ. ಟವರು ನಡೆಸಲು ಕರೆಂಟು, ಜಾಗದ ಬಾಡಿಗೆ ಬೇಕು. ನಂಬರುಗಳ ದಾಸ್ತಾನಿಗೂ ಮಿತಿ ಇದೆ. ಆದ್ದರಿಂದ ಪುಕ್ಕಟೆ ಕೊಡಿ ಎಂದು ಕೇಳುವುದು ಸರಿಯಲ್ಲ. ನಂಬರು ಉಳಿಸಲು 20 ರೂಪಾಯಿ ಸಾಕು ಎಂದು ಟ್ರಾಯ್ ಒಮ್ಮೆ ಒಪ್ಪಿದ ಲೆಕ್ಕವನ್ನೇ ಹಿಡಿದು, ಬೆಲೆ ಏರಿಕೆಗೆ ತಕ್ಕಷ್ಟು ಹೆಚ್ಚಿಸಲಿ, ತಿಂಗಳಿಗೆ ಮೂವತ್ತೋ ನಲವತ್ತೋ ಆಗಲಿ. ಆ ದುಡ್ಡಿಗೆ ಒಳಬರುವ ಕರೆ, ಒಳಬರುವ ಎಸ್ಸೆಮ್ಮೆಸ್ ಎರಡೂ ನಡೆಯಬೇಕು. ಹೊರಹೋಗುವ ಕರೆಗೆ ಬಳಸಿದಷ್ಟೇ ಬೇರೆ ಹಣ ಹಿಡಿಯಲಿ. ಎರಡನೇ ಸಿಮ್ಮನ್ನು ಡ್ರಾವರಿನಲ್ಲಿ ಎಸೆದವನಿಂದ ಕಂಪನಿಗೆ ಏನೂ ಬರುವುದಿಲ್ಲ. ಈ ದರದಲ್ಲಾದರೆ ಅವನು ವರ್ಷಕ್ಕೆ ನಾಕುನೂರು ರೂಪಾಯಿ ತಪ್ಪದೆ ಕಟ್ಟುತ್ತಾನೆ.