ತಮ್ಮ ಅಡ್ಡಹೆಸರೇನ್ರೀ?

ಒಂದು ಸೀಮೆಯ ಜನರ ಮನಸ್ಸನ್ನು ಅರಿಯಬೇಕಾದರೆ ಅವರು ಅಪರಿಚಿತನಿಗೆ ಮೊದಲು ಹಾಕುವ ಪ್ರಶ್ನೆಗಳನ್ನು ಗಮನಿಸಬೇಕು. ರೋಣ ನರಗುಂದಗಳ ಎರೆನೆಲದಲ್ಲಾಗಲಿ, ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಾಗಲಿ, ಮೊದಲನೆಯ ಪ್ರಶ್ನೆ ಊರಿನದು, ಎರಡನೆಯದು, “ತಮ್ಮ ಅಡ್ಡಹೆಸರೇನ್ರೀ?” ಅಷ್ಟಕ್ಕೂ ಸಂಶಯ ತೀರದಿದ್ದರೆ ದನಿ ತುಸು ತಗ್ಗುತ್ತದೆ: “ಯಾವ ಪೈಕಿ ಅಂದಂಗಾತು?” ಬಸ್ಸಿನಲ್ಲಿ, ಅಡತಿ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಶಿಕ್ಷಕರ ಕೋಣೆಯಲ್ಲಿ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಕೇಳುವವರಲ್ಲಿ ಬಹುಮಂದಿ ಸಜ್ಜನರೇ. ಅವರ ಮನಸ್ಸಿನಲ್ಲಿ ಕೇಡಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಒಪ್ಪಿಕೊಂಡೇ ಈ ಪ್ರಶ್ನೆಯನ್ನು ವಿಚಾರಕ್ಕೆ ಎತ್ತಿಕೊಂಡಿದ್ದೇನೆ.

ಮೈಸೂರು ಸೀಮೆಯವರು ಹೆಸರಿನ ಮುಂದೆ ಒಂದೆರಡು ಇಂಗ್ಲಿಷ್ ಅಕ್ಷರಗಳನ್ನಿಟ್ಟುಕೊಂಡು ಪಾರಾಗುತ್ತಾರೆ. ನಮ್ಮಲ್ಲಿ ಹಾಗಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬ ಅಡ್ಡಹೆಸರುಗಳನ್ನು ಕೇಳಿ ಆ ಕಡೆಯವರು ನಗುವುದುಂಟು. ನಾವೂ ಅವರೊಡನೆ ನಗುತ್ತೇವೆ. ಆದರೆ ಪಾಟೀಲ, ದೇಸಾಯಿ, ಕುಲಕರ್ಣಿ, ಬಡಿಗೇರ, ಲಮಾಣಿ, ಚಲವಾದಿ, ಮಾದರ, ಹರಿಜನ ಎಂಬಲ್ಲಿಗೆ ಬಂದಾಗ ನಗೆ ನಿಲ್ಲುತ್ತದೆ. ಒಂದು ಹೆಸರಿಗೆ ಕುರ್ಚಿ ಮುಂದೆ ಸರಿಯುತ್ತದೆ; ಇನ್ನೊಂದಕ್ಕೆ, “ಇರ್ಲಿ ಬಿಡ್ರಿ, ಈಗ ಅದನ್ನೆಲ್ಲಾ ಯಾರ ನೋಡ್ತಾರ” ಎಂಬ ಸಮಾಧಾನ ಬರುತ್ತದೆ. ಸಮಾಧಾನ ಯಾರಿಗೆ ಬೇಕಾಗಿತ್ತೆಂಬುದು ಬೇರೆ ಮಾತು.

ಗಜೇಂದ್ರಗಡವೇ ಒಂದು ಅಡ್ಡಹೆಸರಾಗಿ ದೇಶದ ಅತ್ಯುಚ್ಚ ಪೀಠವನ್ನೇರಿದ್ದನ್ನು ಇಲ್ಲಿ ನೆನೆಯಬೇಕು. 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದ ಪಿ. ಬಿ. ಗಜೇಂದ್ರಗಡಕರ್ ಅವರು, ಅದಕ್ಕೂ ಮೊದಲು 1962ರಲ್ಲಿ, ಮೈಸೂರು ಸರಕಾರದ ಮೀಸಲಾತಿಯನ್ನು ಕುರಿತ ಬಾಲಾಜಿ ಪ್ರಕರಣದ ತೀರ್ಪನ್ನು ಬರೆದರು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಒರೆಗಲ್ಲಾಗದೆಂಬುದು ಆ ತೀರ್ಪಿನ ಒಂದು ಮುಖ್ಯ ಮಾತು. ಊರ ಹೆಸರನ್ನು ಹೊತ್ತವನು ಎಲ್ಲಿ ಹೋದರೂ ಒಂದು ಊರಿನವನಾಗಿರುತ್ತಾನೆ; ಕಸುಬಿನ, ಕೇರಿಯ ಹೆಸರನ್ನು ಹೊತ್ತವನು ಎಲ್ಲಿ ಹೋದರೂ ಆ ಕೇರಿಯವನಾಗಿಯೇ ಉಳಿಯುತ್ತಾನೆ. ಅಫಿಡವಿಟ್ ಮಾಡಿಸಿ, ಅಡ್ಡಹೆಸರನ್ನು ಬಿಟ್ಟು, ಊರ ಹೆಸರನ್ನು ಇಟ್ಟುಕೊಂಡ ತರುಣರನ್ನು ನಾನು ಬಲ್ಲೆ. ಅವರಿಗೆ ಬರುವ ಮುಂದಿನ ಪ್ರಶ್ನೆ: “ಅದು ಊರಿನ ಹೆಸರಾತು, ಮೊದಲಿಂದ ಏನಿತ್ತು?”

ದೊಡ್ಡ ಅನ್ಯಾಯಗಳನ್ನು ಕಾಣಲು ಕಾನೂನಿಗೆ ಕಣ್ಣಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ, 1989ರ ದೌರ್ಜನ್ಯ ತಡೆ ಕಾಯಿದೆ ಇವೆ. ಗಜೇಂದ್ರಗಡಕ್ಕೆ ನೆರೆಯಾದ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿಹೋಯಿತೆಂದು ಶುದ್ಧೀಕರಣದ ಹೆಸರಿನಲ್ಲಿ ದಂಡ ಕೇಳಿದಾಗ, ಪೊಲೀಸರು ಬಂದರು, ಬಂಧನಗಳಾದವು. ಆದರೆ ನಿಂದನೆಯೂ ಸಾರ್ವಜನಿಕರ ಕಣ್ಣೆದುರು ನಡೆದಾಗಲೇ ಆ ಕಾಯಿದೆಯಡಿ ಅಪರಾಧ. ನಾಲ್ಕು ಗೋಡೆಗಳೊಳಗೆ, ಸಾಕ್ಷಿಗಳಿಲ್ಲದೆ ಆಡಿದ್ದು ಅದರೊಳಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರಿನಲ್ಲಿ ಹೇಳಿತು. ನಿಂದನೆಯ ಗತಿಯೇ ಹೀಗಿರಲಾಗಿ, ಹೊಗಳಿಕೆಯನ್ನು ಯಾವ ಕಾನೂನು ಹಿಡಿದೀತು? “ನಿಮ್ಮನ್ನ ನೋಡಿದ್ರ ಹಂಗ ಅನ್ಸೂದೇ ಇಲ್ಲ ನೋಡ್ರಿ” ಎಂಬುದು ಹೊಗಳಿಕೆಯೇ. “ಎಷ್ಟು ಶುದ್ಧ ಮಾತಾಡ್ತೀರಿ!” ಎಂಬುದೂ ಹೊಗಳಿಕೆಯೇ. “ಸಸ್ಯಾಹಾರಿಗಳಿಗೆ ಮಾತ್ರ ಮನೆ ಬಾಡಿಗೆಗೆ ಇದೆ” ಎಂಬ ಹಲಗೆಯ ಮೇಲಂತೂ ಜಾತಿಯ ಸೊಲ್ಲೇ ಇಲ್ಲ.

ಇಂಥ ಸಣ್ಣ ಗಾಯಗಳಿಗೆ 1970ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಚೆಸ್ಟರ್ ಪಿಯರ್ಸ್ ಒಂದು ಹೆಸರಿಟ್ಟರು: ಮೈಕ್ರೊ ಅಗ್ರೆಶನ್. ಅವರು ಕರಿಯರು, ಅಮೆರಿಕೆಯಲ್ಲಿ ಕರಿಯನು ದಿನವೂ ನುಂಗಿಕೊಳ್ಳಬೇಕಾದ ಕಿರು ಅವಮಾನಗಳನ್ನು ಕುರಿತು ಬರೆದರು. ಇದಕ್ಕೆ ಕನ್ನಡದಲ್ಲಿ ಸರಿಯಾದ ಶಬ್ದ ನನಗೆ ದೊರೆತಿಲ್ಲ. ಕೊಂಕು, ಕುಹಕ, ಚುಚ್ಚುಮಾತು ಎಲ್ಲವೂ ಬೇಕೆಂದೇ ಆಡುವ ಮಾತುಗಳು. ಇದಾದರೋ ಬಹುಮಟ್ಟಿಗೆ ಆಡಿದವನಿಗೆ ಅರಿವಿಲ್ಲದೆಯೇ ನಾಲಗೆಯಿಂದ ಜಾರುವಂಥದು. ಇನ್ನೊಂದು ಸ್ವಾರಸ್ಯವೂ ಇದೆ. ಪುಸ್ತಕದ ಕನ್ನಡದಲ್ಲಿ ಜನಾಂಗವೆಂದರೆ ಬಣ್ಣ, ಮೂಲಗಳಿಂದ ಗುರುತಿಸುವ ಜನಸಮೂಹ, ಮಾತಿನ ಕನ್ನಡದಲ್ಲಿ “ಯಾವ ಜನಾಂಗ?” ಎಂದರೆ ಯಾವ ಜಾತಿ ಎಂದೇ ಅರ್ಥ. ಇವೆರಡೂ ಒಂದಲ್ಲವೆಂದು ಡಾ. ಅಂಬೇಡ್ಕರರು 1936ರಲ್ಲಿಯೇ ವಾದಿಸಿದ್ದರು. 2001ರ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರಕಾರವೂ ಒಂದಲ್ಲವೆಂದೇ ಹೇಳಿತು, ಆದರೆ ಬೇರೆ ಉದ್ದೇಶದಿಂದ, ಚರ್ಚೆಯೇ ಬೇಡವೆಂದು. ಮರುವರ್ಷ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನ ಸಮಿತಿಯು, ಹುಟ್ಟಿನಿಂದ ಬರುವ ಭೇದವೆಂಬುದರಲ್ಲಿ ಜಾತಿಯೂ ಸೇರುತ್ತದೆಂದಿತು. ಶಾಸ್ತ್ರಾರ್ಥ ಏನೇ ಇರಲಿ, ನೋವು ಮಾತ್ರ ಎರಡೂ ಕಡೆ ಒಂದೇ ದಾರಿಯಲ್ಲಿ ನಡೆಯುತ್ತದೆ.

ಹೆಸರಿನ ಪ್ರಭಾವವನ್ನು ಅಳೆದು ನೋಡಿದವರಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಿಕಾಗೊ ಮತ್ತು ಬಾಸ್ಟನ್ ನಗರಗಳ ಉದ್ಯೋಗದಾತರಿಗೆ ಅರ್ಹತೆಯಲ್ಲಿ ಸಮನಾದ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಲಾಯಿತು; ಬಿಳಿಯರ ಹೆಸರಿಗೆ ಸುಮಾರು 10 ಅರ್ಜಿಗಳಿಗೊಂದು ಕರೆ ಬಂದರೆ ಕರಿಯರ ಹೆಸರಿಗೆ ಸುಮಾರು 15ಕ್ಕೊಂದು. ನಮ್ಮಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಖಾಸಗಿ ಕಂಪನಿಗಳಿಗೆ ಹೀಗೆಯೇ ಅರ್ಜಿ ಹಾಕಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲುಜಾತಿಯ ಹೆಸರಿಗಿದ್ದ ಸಂಭವದ ಮೂರರಲ್ಲಿ ಎರಡರಷ್ಟು ದಲಿತ ಹೆಸರಿಗೆ, ಮೂರರಲ್ಲಿ ಒಂದರಷ್ಟು ಮುಸಲ್ಮಾನ ಹೆಸರಿಗೆ ದೊರೆಯಿತು.

ಶಿಕ್ಷಕರಾದ ವಾಚಕರು ಮುಖ್ಯವಾಗಿ ಮನಗಾಣಬೇಕಾದದ್ದು ಮತ್ತೊಂದು ಪ್ರಯೋಗವನ್ನು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಯಲ್ಲಿ ಆರು, ಏಳನೆಯ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಕೊಟ್ಟು, ಬಿಡಿಸಿದ್ದಕ್ಕೆ ಹಣ ಕೊಟ್ಟರು. ಯಾರ ಜಾತಿ ಯಾವುದೆಂದು ಸಾರದಿದ್ದಾಗ ಮೇಲುಜಾತಿ, ಕೆಳಜಾತಿಗಳ ಹುಡುಗರು ಸರಿಸಮವಾಗಿ ಬಿಡಿಸಿದರು. ಅನಂತರ ಬೇರೆ ಗುಂಪುಗಳಲ್ಲಿ ಪ್ರತಿ ಹುಡುಗನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಜಾತಿಗಳನ್ನು ಎಲ್ಲರೆದುರು ಓದಿ ಹೇಳಿ ಕೆಲಸಕ್ಕೆ ಕೂರಿಸಿದರು. ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಮನಾರ್ಹವಾಗಿ ಇಳಿಯಿತು. ಬೈದವರಿಲ್ಲ, ಹೊಡೆದವರಿಲ್ಲ, ಓದಿ ಹೇಳಿದ್ದಷ್ಟೆ. ನಮ್ಮ ಶಾಲೆಗಳಲ್ಲಿ ಪ್ರತಿ ಮುಂಜಾನೆ ಹಾಜರಿ ಪುಸ್ತಕ ಹಿಡಿದು ನಾವು ಮಾಡುವುದೂ ಇದನ್ನೇ ಅಲ್ಲವೆ? “ಪಾಟೀಲ!” “ಬಂದೇನ್ರೀ ಸರ್.” “ಮಾದರ!” ಆಗ ಹಿಂದಿನ ಸಾಲಿನಿಂದ ಬರುವ ದನಿ ಎಷ್ಟು ಸಣ್ಣದೆಂದು ಕಿವಿಗೊಟ್ಟ ಶಿಕ್ಷಕರಿಗೆ ಗೊತ್ತು.

ಹೆಸರನ್ನು ಮರೆಸಬಹುದು, ಮೋರೆಯನ್ನು ಮರೆಸಲಾಗದವರ ಪಾಡೇನು? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಿದ್ದಿಗಳು ಆಫ್ರಿಕ ಮೂಲದವರು, ಕೊಂಕಣಿ, ಕನ್ನಡಗಳನ್ನಾಡುವವರು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಸಿದ್ದಿ ಹುಡುಗನೊಬ್ಬ ಹುಬ್ಬಳ್ಳಿಯ ನಿಲ್ದಾಣದಲ್ಲಿ ಇಳಿದರೆ ಅವನಿಗೆ ಕಾದಿರುವ ಪ್ರಶ್ನೆ ಅಡ್ಡಹೆಸರಿನದಲ್ಲ, “ಯಾವ ದೇಶ?” ಎಂಬುದು. ಅವನು ಕನ್ನಡದಲ್ಲಿ ಉತ್ತರಿಸಿದಾಗ ಸುತ್ತಲಿನವರು ಪಡುವ ಆಶ್ಚರ್ಯವೇ ಎರಡನೆಯ ಪೆಟ್ಟು.

ನನ್ನ ಮಿತ್ರರು ಕೆಲವರು ಇದನ್ನೆಲ್ಲ ಅತಿ ಎನ್ನುತ್ತಾರೆ. ಅಡ್ಡಹೆಸರು ಕೇಳುವುದು ಬಳಗ ಹುಡುಕುವ ಪ್ರೀತಿ, ಮಾತು ಮುಂದುವರಿದರೆ ನಾಲ್ಕು ನಿಮಿಷದಲ್ಲಿ ಬೀಗರ ಊರು ಹೊರಬೀಳುತ್ತದೆ ಎನ್ನುತ್ತಾರೆ. ನಿಜವೇ, ಆದರೆ ಆ ಬಳಗದಲ್ಲಿ ಎಂದೂ ಸೇರಿಸಿಕೊಳ್ಳದವನಿಗೂ ಅದೇ ಪ್ರಶ್ನೆ ಹಾಕುತ್ತೇವಲ್ಲ? ಜಾತಿಯನ್ನು ಕೇಳುವುದೇ ತಪ್ಪಾದರೆ ಸರಕಾರ ಕೇಳುವುದೇಕೆ ಎಂಬ ವಾದವೂ ಇದೆ. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಗಣತಿದಾರರು ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಯವರ ಮನೆಮನೆಗೆ ಬಂದರು. ಅದೇ ವರ್ಷ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯೂ ನಡೆಯಿತು. ಗಣತಿದಾರ ಕೇಳುವುದು ಸಲ್ಲಬೇಕಾದ ಪಾಲಿನ ಲೆಕ್ಕಕ್ಕೆ; ಪಕ್ಕದ ಸೀಟಿನವನು ಕೇಳುವುದು ಎಷ್ಟು ಗೌರವ ಕೊಡಬೇಕೆಂಬ ಲೆಕ್ಕಕ್ಕೆ. ಮನೆಯ ಮಾಲೀಕ ಬಾಗಿಲಲ್ಲಿ ನಿಂತಿರುವಾಗ ಗಣತಿದಾರನಿಗೂ ಜಾತಿ ಹೇಳಲು ಬಾಡಿಗೆದಾರ ಹಿಂಜರಿದರೆ, ಆ ಹಿಂಜರಿಕೆಯನ್ನು ಕಲಿಸಿದ್ದು ಈ ಎರಡನೆಯ ಲೆಕ್ಕವೇ.

ಹನ್ನೆರಡನೆಯ ಶತಮಾನದಲ್ಲಿ ಇದೇ ನಾಡಿನಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳನ್ನು ಜನ ತಲೆಬಾಗಿ ಉಚ್ಚರಿಸಿದ್ದರು. ಅದೇ ಶಬ್ದ ಈಗ ಶಾಲೆಯ ಹಿಂದಿನ ಸಾಲಿನ ಪಿಸುಮಾತಾಗಿದ್ದರೆ ದೋಷ ಶಬ್ದದ್ದಲ್ಲ. ಆದಕಾರಣ ಅಡ್ಡಹೆಸರನ್ನು ಅಳಿಸಿರೆಂದು ನಾನು ಹೇಳಲಾರೆ. ಅದನ್ನು ಹೊತ್ತವರು ಉಳಿಸಿಕೊಳ್ಳಲಿ, ಬಿಡಲಿ, ಅದು ಅವರ ಹಕ್ಕು.

ಶಿಕ್ಷಕರಿಂದ ಆಗಬಹುದಾದದ್ದು ಬೇರೆ ಇದೆ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆ ಪರೀಕ್ಷಕರ ಮೇಜಿಗೆ ಬರುವಾಗ ಅದರ ಮೇಲೆ ವಿದ್ಯಾರ್ಥಿಯ ಹೆಸರಿರುವುದಿಲ್ಲ. ಹೆಸರು ಕಂಡರೆ ಕೈ ವಾಲೀತೆಂಬ ಶಂಕೆ ಇಲಾಖೆಗೆ ಎಂದೋ ಬಂದಿತ್ತು. ಅದಕ್ಕೂ ಮೊದಲಿನ ಹತ್ತು ವರ್ಷ, ತರಗತಿಯಲ್ಲಿ ಪ್ರಶ್ನೆ ಕೇಳುವಾಗ, ಆಂತರಿಕ ಅಂಕಗಳನ್ನು ಕೊಡುವಾಗ, ಬೆಂಚು ಹಂಚುವಾಗ ಆ ಹೆಸರು ಪೂರ್ತಿಯಾಗಿ ನಮ್ಮ ಕಣ್ಣೆದುರಿಗಿರುತ್ತದೆ. ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ತೆರೆಯುವಾಗ ಹುಡುಗನನ್ನು ಅವನ ತಾಯಿ ಕರೆಯುವ ಹೆಸರಿನಿಂದ ಕರೆಯಲು ಯಾವ ಸುತ್ತೋಲೆಯೂ ಅಡ್ಡಿಯಾಗಿಲ್ಲ.