ನಡುದಾರಿಯ ವಿಮಾನ ನಿಲ್ದಾಣ ಮತ್ತು ನಮ್ಮ ಹಿರಿಯರು



ಬಿ.ಜಿ. ಕೆರೆ, ಮೊಳಕಾಲ್ಮುರು, ಚಳ್ಳಕೆರೆಗಳ ಸುತ್ತಲಿನ ಹಳ್ಳಿಗಳಲ್ಲಿ ಓದಿ ಬೆಳೆದು ಅಮೆರಿಕೆಯಲ್ಲಿ ನೆಲೆಸಿರುವ ಮಕ್ಕಳಿದ್ದಾರೆ. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ಕಾಣಲೋ ಅವರ ತಂದೆ-ತಾಯಂದಿರು ಮೊದಲ ಬಾರಿ ವಿಮಾನವೇರುತ್ತಾರೆ. ಟಿಕೆಟ್ ಕೊಳ್ಳುವವರು ಮಕ್ಕಳು. ದಾರಿ ನಡೆಯುವವರು ಹಿರಿಯರು. ನಡುವೆ ವಿಮಾನ ಬದಲಿಸುವ ಬಗೆಯನ್ನು ಅವರಿಗೆ ತಿಳಿಸಿಕೊಡುವ ಬದಲು, ನಡೆಯಬಲ್ಲವರಿಗೂ ಗಾಲಿಕುರ್ಚಿ ಕೇಳಿಬಿಡುವ ರೂಢಿ ಬೆಳೆದಿದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಗಾಲಿಕುರ್ಚಿ ಕಾಲಿನ ತೊಂದರೆಗೆ ಇರುವ ಸೌಕರ್ಯವೇ ಹೊರತು ಭಾಷೆಯ ತೊಂದರೆಗಲ್ಲ. ಮಂಡಿನೋವಿನವರು, ಹೆಚ್ಚು ದೂರ ನಡೆಯಲಾರದವರು ಸಂಕೋಚಪಡದೆ ಟಿಕೆಟ್ ಕೊಳ್ಳುವಾಗಲೇ ಕೇಳಬೇಕು. ಆದರೆ ನಡೆಯಬಲ್ಲವರು ಕುಳಿತರೆ ನಡೆಯಲಾರದವರು ಕಾಯಬೇಕಾಗುತ್ತದೆ. ಭಾಷೆಯ ಭಯವೇ ಕಾರಣವಾದರೆ, ಹಣ ಪಡೆದು ಜೊತೆಯಲ್ಲಿ ಕರೆದೊಯ್ಯುವ ಸೇವೆಗಳುಂಟು. ದುಬೈಯಲ್ಲಿ ‘ಮರ್ಹಬಾ’ ಅಂಥದೊಂದು.

ಪಾವಗಡಕ್ಕೆ ಹೊರಟವರು ಚಳ್ಳಕೆರೆಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯುತ್ತಾರೆ. ದುಬೈ, ಅಬುಧಾಬಿ, ಫ್ರಾಂಕ್‌ಫರ್ಟ್‌ಗಳಲ್ಲಿಯೂ ಮಾಡಬೇಕಾದುದು ಅದನ್ನೇ. ವ್ಯತ್ಯಾಸವಿರುವ ಕಡೆಗಳನ್ನಷ್ಟೇ ಮೊದಲು ಕಲಿಸಬೇಕು.

ಮೊದಲನೆಯದು ಫಲಕ. ಇಳಿದೊಡನೆ ಹೊರಬಾಗಿಲಿನತ್ತ ಹೋಗದೆ ‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಷನ್ಸ್’ ಎಂಬ ಫಲಕವನ್ನು ಹಿಡಿದು ನಡೆಯಬೇಕು. ಈ ಪದಗಳನ್ನೂ ಮುಂದಿನ ವಿಮಾನದ ಸಂಖ್ಯೆಯನ್ನೂ ಇಂಗ್ಲಿಷಿನಲ್ಲಿ ದಪ್ಪಕ್ಷರಗಳಿಂದ ಬರೆದುಕೊಡಿ. ಓದಲು ಬಾರದವರೂ ಆಕಾರ ಹೋಲಿಸಿ ಗುರುತಿಸಬಲ್ಲರು. ಗೇಟಿನ ಸಂಖ್ಯೆ ಕೊನೆಗಳಿಗೆಯಲ್ಲಿ ಬದಲಾಗಬಹುದಾದ್ದರಿಂದ ಪರದೆಯನ್ನು ಮತ್ತೆ ಮತ್ತೆ ನೋಡಬೇಕು.

ಎರಡನೆಯದು ವೇಳೆ. ಟಿಕೆಟಿನಲ್ಲಿರುವುದು ಆಯಾ ಊರಿನ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಚಳ್ಳಕೆರೆಯಲ್ಲಿ ಕಂಡಕ್ಟರನಿಗೆ ಕೈ ಬೀಸಿ ಬಸ್ಸು ನಿಲ್ಲಿಸಬಹುದು. ವಿಮಾನದ ಗೇಟನ್ನು ಹೊರಡುವ ಸಮಯಕ್ಕೆ ಮುಂಚೆಯೇ ಮುಚ್ಚುತ್ತಾರೆ.

ಮೂರನೆಯದು ತಪಾಸಣೆ. ನಡುದಾರಿಯಲ್ಲಿ ಮತ್ತೊಮ್ಮೆ ಕೈಚೀಲ ನೋಡುತ್ತಾರೆ. ಅಲ್ಲಿ ನೀರಿನ ಬಾಟಲಿ, ಉಪ್ಪಿನಕಾಯಿ ಉಳಿಯದಿರಬಹುದು. ಗಸಗಸೆಯನ್ನಂತೂ ಕಟ್ಟಿಕೊಡಲೇಬೇಡಿ, ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ನಿಷಿದ್ಧ ವಸ್ತು. ಔಷಧಿಗಳು ಮಾತ್ರ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇರಲಿ.

ನಾಲ್ಕನೆಯದು ಪೆಟ್ಟಿಗೆ. ಕೊನೆಯ ಊರಿನವರೆಗೂ ಅದಕ್ಕೆ ಚೀಟಿ ಅಂಟಿಸಿದ್ದರೆ ನಡುದಾರಿಯಲ್ಲಿ ಹುಡುಕಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೊಡುವ ರಸೀದಿಯಲ್ಲಿ ಆ ಊರಿನ ಸಂಕೇತವಿದೆಯೇ ಎಂದು ನೋಡಿಕೊಳ್ಳಬೇಕು. ಆದರೆ ಅಮೆರಿಕೆಯೊಳಗೆ ಇನ್ನೊಂದು ವಿಮಾನ ಹಿಡಿಯುವವರು ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲಿ ಪೆಟ್ಟಿಗೆ ತೆಗೆದುಕೊಂಡು, ಸುಂಕದ ತಪಾಸಣೆ ಮುಗಿಸಿ, ಮತ್ತೆ ಒಪ್ಪಿಸಬೇಕು. ಅಬುಧಾಬಿಯ ಕ್ರಮ ಬೇರೆ. 2014ರಿಂದ ಅಮೆರಿಕೆಯ ಅಧಿಕಾರಿಗಳ ತಪಾಸಣೆ ಅಲ್ಲಿಯೇ ನಡೆಯುವುದರಿಂದ ಹೆಚ್ಚು ಸಮಯ ಇಟ್ಟುಕೊಳ್ಳಬೇಕು.

ಇವು ಹಿರಿಯರ ಪಾಠಗಳಾದವು. ಮಕ್ಕಳಿಗೂ ಒಂದು ಪಾಠವಿದೆ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟುಗಳನ್ನು ಕೊಳ್ಳಬೇಡಿ. ಒಂದೇ ಟಿಕೆಟಿನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆಯ ಹೊಣೆ ವಿಮಾನ ಸಂಸ್ಥೆಯದು. ಬೇರೆ ಟಿಕೆಟಾದರೆ ಹೊಣೆಯೂ ಖರ್ಚೂ ನಿಮ್ಮವೇ. ಪೆಟ್ಟಿಗೆಗಾಗಿ ಹೊರಗೆ ಬರಬೇಕಾದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು. ಹೊರಗೆ ಬಾರದಿದ್ದರೂ ಕೆಲವು ದೇಶಗಳು ಟ್ರಾನ್ಸಿಟ್ ವೀಸಾ ಕೇಳುತ್ತವೆ. ನಿಯಮಗಳು ಬದಲಾಗುತ್ತಿರುವುದರಿಂದ ಹಣ ಕಟ್ಟುವ ಮುನ್ನವೇ ವಿಚಾರಿಸಿ. ವಿಮಾನ ಬದಲಿಸಲು ಒಂದು ಗಂಟೆಯ ಬದಲು ಮೂರು ಗಂಟೆ ಕೊಡಿ. ಹಿರಿಯರಿಗೆ ಕುಳಿತು ಬೇಸರವಾದರೆ ಆಗಲಿ, ಓಡುವಂತಾಗಬಾರದು.

ಮಳೆಯನ್ನು ನಂಬಿ ಶೇಂಗಾ ಬೆಳೆದು ನಿಮ್ಮನ್ನು ಓದಿಸಿದವರಿಗೆ ಒಂದು ಫಲಕ, ಒಂದು ಗಡಿಯಾರ, ಒಂದು ರಸೀದಿ ಅರ್ಥವಾಗದೆ ಹೋಗುವುದಿಲ್ಲ. ನೀವು ಕುಳಿತು ತಿಳಿಸಬೇಕು, ಅಷ್ಟೆ. ಫೋನಿನಲ್ಲಿ ಒಂದು ಸಂಜೆ ಇದಕ್ಕಾಗಿ ಮೀಸಲಿಡಿ; ಹೇಳಿದ್ದನ್ನು ಅವರ ಬಾಯಿಂದ ಮತ್ತೆ ಹೇಳಿಸಿ. ತರಗತಿಯಲ್ಲಿ ನಾವು ಅನುಸರಿಸುತ್ತಿದ್ದುದೂ ಇದೇ ವಿಧಾನ.